‘ವಂಶವೃಕ್ಷ’ದಲ್ಲಿ ಕ್ಷಮೆಯ ಸ್ವರೂಪ

ಸಂಸ್ಕೃತದಲ್ಲಿ ‘ವಂಶ’ವೆಂಬ ಶಬ್ದಕ್ಕೆ ಕುಲವೆಂದೂ ಬಿದಿರೆಂದೂ ಎರಡು ಅರ್ಥಗಳುಂಟು. ಬಿದಿರು ಗೆಣ್ಣಿನಿಂದ ಗೆಣ್ಣಿಗೆ ನೆಟ್ಟಗೆ ಏರುತ್ತದೆ. ಹೊರಗೆ ಗಟ್ಟಿ, ಒಳಗೆ ಪೊಳ್ಳು. ದಿವಂಗತ ಎಸ್. ಎಲ್. ಭೈರಪ್ಪನವರ (1931–2025) ‘ವಂಶವೃಕ್ಷ’ವನ್ನು ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಎರಡನೆಯ ಅರ್ಥವೇ. 1965ರಲ್ಲಿ ಪ್ರಕಟವಾದ ಈ ಕಾದಂಬರಿ 1972ರಲ್ಲಿ ಚಲನಚಿತ್ರವೂ ಆಯಿತು. ಇದರಲ್ಲಿ ಸಂಪ್ರದಾಯ ಗೆದ್ದಿತೋ ನವ್ಯತೆ ಗೆದ್ದಿತೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅದನ್ನು ಪ್ರಕೃತ ಬದಿಗಿಟ್ಟು, ಕೃತಿಯು ಕ್ಷಮೆಯನ್ನು ಕುರಿತು ಏನನ್ನು ಕಲಿಸುತ್ತದೆಂಬುದನ್ನು ಮಾತ್ರ ಇಲ್ಲಿ ವಿಚಾರಿಸುತ್ತೇನೆ.

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವೇದಶಾಸ್ತ್ರಸಂಪನ್ನರು, ಆಚಾರನಿಷ್ಠರು. ಅವರ ಏಕಮಾತ್ರ ಪುತ್ರನು ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯನಿ ಓದಲೆಂದು ಮೈಸೂರಿಗೆ ಹೋದವಳು ಅಲ್ಲಿ ರಾಜಾರಾಯನನ್ನು ವಿವಾಹವಾಗುತ್ತಾಳೆ. ಅವಳ ಮಗ ಚೀನಿ ಅಜ್ಜನ ಮಡಿಲಲ್ಲೇ ಬೆಳೆಯುತ್ತಾನೆ. ತಂದೆಯಿಲ್ಲದ, ತಾಯಿ ದೂರವಾದ ಬಾಲಕನಿಗೆ ಆ ವೃದ್ಧರೇ ಗುರು, ಅವರೇ ಗೆಳೆಯ.

ಮಗುವನ್ನು ಕರೆದೊಯ್ಯಲು ಕಾತ್ಯಾಯನಿ ಬಂದ ಪ್ರಸಂಗವನ್ನು ನೋಡಿರಿ. ಶ್ರೋತ್ರಿಗಳು ಅವಳನ್ನು ನಿಂದಿಸುವುದಿಲ್ಲ, ಬಾಗಿಲನ್ನೂ ಮುಚ್ಚುವುದಿಲ್ಲ; ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ನಿದ್ರಿಸುತ್ತಿದ್ದ ಮಗುವನ್ನು ಕಂಡ ತಾಯಿ ಬರಿಗೈಯಲ್ಲಿ ಮರಳುತ್ತಾಳೆ. ಮಾವನದು ದೊಡ್ಡತನವೇ, ಸಂದೇಹವಿಲ್ಲ. ಆದರೆ ಅದು ಕ್ಷಮೆಯೆ? ಅಲ್ಲವೆಂದೇ ನನ್ನ ಎಣಿಕೆ. ತಾವು ಶುದ್ಧವಂಶದವರೆಂಬ ನಂಬಿಕೆಯ ಎತ್ತರದಲ್ಲಿ ನಿಂತು ಅವರು ಅವಳನ್ನು ನೋಡುತ್ತಿದ್ದಾರೆ. ಆ ಎತ್ತರದಿಂದ ಇಳಿದು ಬರುವುದು ಔದಾರ್ಯವೇ ಹೊರತು ಕ್ಷಮೆಯಲ್ಲ.

ಇಳಿವಯಸ್ಸಿನಲ್ಲಿ ಶ್ರೋತ್ರಿಗಳಿಗೆ ತಮ್ಮ ಜನ್ಮರಹಸ್ಯವು ತಿಳಿಯುತ್ತದೆ. ಆಸ್ತಿಯು ಒಡಹುಟ್ಟಿದವನ ಪಾಲಾಗಬಾರದೆಂಬ ದ್ವೇಷದಿಂದ, ತಂದೆಯೆನಿಸಿಕೊಂಡವನು ಅನ್ಯಪುರುಷನ ಮೂಲಕ ಸಂತಾನವನ್ನು ಪಡೆದಿದ್ದನು; ಆ ಸಂತಾನವೇ ತಾವು! ಯಾವ ವಂಶದ ಹೆಸರಿನಲ್ಲಿ ಜೀವನವಿಡೀ ತಪಸ್ಸಿನಂತೆ ನಡೆದರೋ ಆ ವಂಶವು ತಮ್ಮದೇ ಅಲ್ಲ. ಬಿದಿರಿನ ಒಳಗಣ ಪೊಳ್ಳು ಬಯಲಾದದ್ದು ಇಲ್ಲಿ. ತಮ್ಮದಲ್ಲದ ಆಸ್ತಿಯನ್ನು ತ್ಯಜಿಸಿ, ಸಂನ್ಯಾಸಕ್ಕೆ ಹೊರಟ ಆ ವೃದ್ಧರ ಹೆಜ್ಜೆ ಕಾತ್ಯಾಯನಿಯ ಮನೆಯತ್ತ ತಿರುಗುತ್ತದೆ.

ಇತ್ತ ಚೀನಿ ಕಾಲೇಜಿನಲ್ಲಿ ತಾಯಿಯೆದುರಿಗೇ ವಿದ್ಯಾರ್ಥಿಯಾಗಿ ಕುಳಿತಿದ್ದವನು. ಅವಳು ಕೈಚಾಚಿದರೂ ಕರಗದವನು. ಅಜ್ಜನ ನಿಯಮನಿಷ್ಠೆಯನ್ನು ಅವನು ಚೆನ್ನಾಗಿ ಕಲಿತಿದ್ದನು. ಕರುಣೆಯ ಪಾಠ ಇನ್ನೂ ಬಾಕಿಯಿತ್ತು. ಮತ್ತೆ ಮತ್ತೆ ಗರ್ಭಪಾತದಿಂದ ಜರ್ಜರಿತಳಾದ ಕಾತ್ಯಾಯನಿಯ ಕೊನೆಯ ಗಳಿಗೆಯಲ್ಲಿ ಶ್ರೋತ್ರಿಗಳೇ ಮೊಮ್ಮಗನನ್ನು ತಾಯಿಯ ಬಳಿಗೆ ತರುತ್ತಾರೆ. ಅಜ್ಜ ಮೊಮ್ಮಗನಿಗೆ ಕಲಿಸಿದ ಕಡೆಯ ಪಾಠವದು. ಮೊದಲು ಆಕೆಯನ್ನು ಎತ್ತರದಿಂದ ನೋಡಿದವರು ಈಗ ಸಮನೆಲದಲ್ಲಿ ನಿಂತಿದ್ದಾರೆ. ತೀರ್ಪು ಕೊಡುವ ಪೀಠವೇ ಕುಸಿದ ಮೇಲೆ ಉಳಿಯುವುದು ಮನುಷ್ಯನಿಗೆ ಮನುಷ್ಯನ ಮೇಲಿನ ಮರುಕ ಮಾತ್ರ. ಅದು ತಡವಾಗಿ ಬಂದಿತೆಂಬುದೇ ಈ ಕಥೆಯ ದುಃಖ. ಕ್ಷಮಿಸುವವರಿಗೆ ತಿಳಿವು ಮೂಡುವ ಹೊತ್ತಿಗೆ, ಕ್ಷಮೆಯನ್ನು ಬಯಸಿ ಬದುಕಿದ ಜೀವಕ್ಕೆ ಅದನ್ನು ಅನುಭವಿಸುವಷ್ಟು ಆಯುಸ್ಸು ಉಳಿದಿರಲಿಲ್ಲ.

ಈ ಕೃತಿಯನ್ನು ಪಾಠ ಹೇಳುವಾಗ ‘ತಪ್ಪು ಯಾರದು?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ನಾನೂ ಹಲವು ವರ್ಷ ಹಾಗೆಯೇ ಕೇಳಿದೆ. ವಿದ್ಯಾರ್ಥಿಗಳು ಕೂಡಲೇ ಎರಡು ಪಂಗಡವಾಗಿ, ಎಲ್ಲರೂ ನ್ಯಾಯಾಧೀಶರಾಗುತ್ತಿದ್ದರು. ಈಗ ಪ್ರಶ್ನೆಯನ್ನು ಬದಲಿಸಿದ್ದೇನೆ: ‘ಮಗುವಿಗಾಗಿ ಬಂದ ಸೊಸೆಯನ್ನು ಕಂಡ ಶ್ರೋತ್ರಿಗಳಿಗೂ, ಅವಳ ಮರಣಶಯ್ಯೆಯ ಬಳಿ ನಿಂತ ಶ್ರೋತ್ರಿಗಳಿಗೂ ಏನು ಅಂತರ?’ ಇದನ್ನು ಕೇಳಿದಾಗ ತರಗತಿ ಸ್ವಲ್ಪ ಹೊತ್ತು ಮೌನವಾಗುತ್ತದೆ. ಆ ಮೌನದಲ್ಲಿಯೇ ಪಾಠ ಆರಂಭವಾಗುತ್ತದೆಂದು ನನ್ನ ಅನುಭವ.

‘ಕ್ಷಮಾ’ ಎಂಬ ಶಬ್ದಕ್ಕೂ ಎರಡು ಅರ್ಥಗಳು: ಸೈರಣೆ ಮತ್ತು ಭೂಮಿ. ಭೂಮಿಯು ಯಾರ ಕುಲವನ್ನೂ ಕೇಳದೆ ಎಲ್ಲರನ್ನೂ ಹೊರುತ್ತದೆ. ಎಲ್ಲರ ಕಾಲಕೆಳಗೆ ಇರುವುದರಿಂದಲೇ ಹೊರಬಲ್ಲದು. ಕ್ಷಮಿಸಬೇಕೆನ್ನುವವನೂ ಮೊದಲು ನೆಲಕ್ಕೆ ಇಳಿಯಬೇಕು. ಶ್ರೋತ್ರಿಗಳನ್ನು ಇಳಿಸಲು ಅವರ ಜನ್ಮರಹಸ್ಯವೇ ಬಯಲಾಗಬೇಕಾಯಿತು. ನಮ್ಮ ಮಕ್ಕಳು ಅಂತಹ ಆಘಾತವಿಲ್ಲದೆ, ಓದಿನಿಂದಲೇ ಅಷ್ಟು ಇಳಿಯುವುದನ್ನು ಕಲಿತರೆ ಸಾಹಿತ್ಯಬೋಧನೆಯ ಶ್ರಮ ಸಾರ್ಥಕವಾದಂತೆ.