ಊರಿಗೆ ಯಾವಾಗ ಹೋಗ್ತೀರಿ?

ಧಾರಾವಿಯ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆಯನ್ನು ಕೋರ್ಸಿನ ಲೆಕ್ಕದಲ್ಲಿ ಕೇಳುವವರು ಕಡಿಮೆ. ಕೇಳುವುದು ಕೂಲಿಯ ಲೆಕ್ಕದಲ್ಲಿ. ‘ಅಣ್ಣಾ, ಎರಡ್ ದಿನದ್ದು ಕೊಡ್ರಿ, ಉಳದದ್ದು ಪಗಾರ ಆದಮ್ಯಾಲ.’ ಆಳಂದ, ಅಫಜಲಪುರ, ಗಡಿಯಾಚೆಯ ಅಕ್ಕಲಕೋಟೆ, ದುಧನಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ದುಧನಿ ಇರುವುದು ಮಹಾರಾಷ್ಟ್ರದಲ್ಲಿ, ಆಡುವ ಮಾತು ಕನ್ನಡ. ಉಡುಪಿ ಕಡೆಯವನಾದ ನನಗೆ ಅವರ ಕನ್ನಡ ಕಿವಿಗೆ ಹತ್ತಲು ಸ್ವಲ್ಪ ಕಾಲ ಹಿಡಿಯಿತು. ಚೀಟಿ ಇಂಗ್ಲಿಷಿನಲ್ಲಿ, ನರ್ಸ್ ಹೇಳುವುದು ಮರಾಠಿಯಲ್ಲಿ. ಅನುಮಾನಗಳೆಲ್ಲ ಬರುವುದು ನನ್ನ ಕೌಂಟರಿಗೆ.

ಸ್ಟ್ರಿಪ್ ಕತ್ತರಿಸದೆ ಇಲ್ಲಿ ವ್ಯಾಪಾರವಿಲ್ಲ. ಎಕ್ಸ್‌ಪೈರಿ ತಾರೀಖು ಇಲ್ಲದ ತುದಿಯಿಂದ ಕತ್ತರಿಸುವುದು, ಔಷಧಿಯ ಹೆಸರು ಮತ್ತು ಆ ತಾರೀಖನ್ನು ಪೊಟ್ಟಣದ ಮೇಲೆ ಬರೆಯುವುದು ನನಗೆ ಅಭ್ಯಾಸವಾಯಿತು. 2014ರ ಮಾರ್ಚಿನಲ್ಲಿ ಶೆಡ್ಯೂಲ್ ಎಚ್‌1 ಬಂದಮೇಲೆ ಟಿಬಿ ಔಷಧಿ ಮತ್ತು ಕೆಲವು ಆಂಟಿಬಯಾಟಿಕ್‌ಗಳಿಗೆ ರೋಗಿಯ ಹೆಸರು ಬರೆದ ರಿಜಿಸ್ಟರನ್ನು 3 ವರ್ಷ ಇಟ್ಟುಕೊಳ್ಳಬೇಕು. ಒಳ್ಳೆಯ ಕಾನೂನೇ. ಆದರೆ ಪೆನ್ನು ತೆಗೆದ ಕೂಡಲೇ ಎದುರಿಗಿದ್ದವರ ಮುಖ ಬಿಗಿಯುತ್ತಿತ್ತು. ಮುಕಾದಮನಿಗೆ ಗೊತ್ತಾದರೆ ಕೆಲಸ ಹೋದೀತು, ಮಾಲೀಕ ಖೋಲಿ ಬಿಡಿಸಿಯಾನು ಎಂಬ ಭಯ. ಆ ಪುಸ್ತಕ ಮುಕಾದಮನ ಕೈಗೂ ಮಾಲೀಕನ ಕೈಗೂ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹೆಸರು ಕೇಳತೊಡಗಿದೆ.

ಟಿಬಿ ಗುಳಿಗೆಯ ಮೇಲೆ ಅವರ ದೊಡ್ಡ ದೂರು, ‘ಭಾಳ ಗರಮ್ ಅದಾವ್ರೀ, ಮೈ ಸುಡ್ತದ.’ ಉಷ್ಣವೇನಿಲ್ಲ ಎಂದು ವಾದಿಸಿ ಗೆದ್ದದ್ದನ್ನು ನಾನು ಕಂಡಿಲ್ಲ. ಮಜ್ಜಿಗೆ ಕುಡಿಯಿರಿ, ಗುಳಿಗೆ ಮಾತ್ರ ಬಿಡಬೇಡಿ ಎಂದರೆ ಒಪ್ಪುತ್ತಾರೆ. ರಿಫಾಂಪಿಸಿನ್ ನುಂಗಿದವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೊರಟಿತೆಂದು ಹೆದರಿ ಅಲ್ಲಿಗೇ ನಿಲ್ಲಿಸುವವರಿದ್ದಾರೆ. ಅದು ಔಷಧಿಯ ಬಣ್ಣ ಎಂದು ಹಿಂದಿನ ದಿನವೇ ಹೇಳಿಬಿಟ್ಟರೆ ತಂಟೆಯಿಲ್ಲ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮಾತ್ರ ಉಷ್ಣವೆಂದು ಮಜ್ಜಿಗೆ ಕುಡಿದು ಕೂರುವಂತಿಲ್ಲ, ಅದು ಯಕೃತ್ತಿನ ತೊಂದರೆಯಿರಬಹುದು. ಅಂದೇ ದವಾಖಾನೆಗೆ ಹೋಗಬೇಕು.

ಸೂಜಿಯ ಮೇಲೆ ಇವರಿಗಿರುವ ನಂಬಿಕೆ ಕಂಡು ಓದಿದವರು ನಗೆಯಾಡುತ್ತಾರೆ. ನಾಳೆ ಬೆಳಗ್ಗೆ ಸೈಟಿಗೆ ಹೋಗದಿದ್ದರೆ ಕೂಲಿಯಿಲ್ಲ ಎನ್ನುವವನು ಇಂದು ರಾತ್ರಿಯೇ ಜ್ವರ ಇಳಿಸುವುದನ್ನು ಕೇಳದೆ ಇನ್ನೇನು ಕೇಳಿಯಾನು? ಇನ್ನು ಅರ್ಧಂಬರ್ಧ ಚಿಕಿತ್ಸೆಯ ಅಪವಾದವನ್ನು ಇವರೊಬ್ಬರ ತಲೆಗೇ ಕಟ್ಟುವಂತೆಯೂ ಇಲ್ಲ. 2010ರಲ್ಲಿ ಪ್ರಕಟವಾದ ಮುಂಬೈಯ ಅಧ್ಯಯನವೊಂದರಲ್ಲಿ 106 ಖಾಸಗಿ ವೈದ್ಯರು ಟಿಬಿಗೆ 63 ಬಗೆಯ ಚಿಕಿತ್ಸೆ ಬರೆದಿದ್ದರು. ಸರಿಯಿದ್ದದ್ದು 6 ಮಂದಿಯದು.

ಸಾಮಾನ್ಯ ಟಿಬಿಗೆ 6 ತಿಂಗಳು: ಮೊದಲ 2 ತಿಂಗಳು 4 ಔಷಧಿ, ಆಮೇಲೆ 3. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆಯಾಗಿ ತೂಕ ಏರಿರುತ್ತದೆ. ಅಷ್ಟರಲ್ಲಿ ಹೋಳಿಯ ಹೊತ್ತಿಗೆ ಶರಣಬಸವೇಶ್ವರ ಜಾತ್ರೆ, ಇಲ್ಲವೇ ಮುಂಗಾರಿನ ಬಿತ್ತನೆ. ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದವರ ಕೈಯಲ್ಲಿ ಬಟ್ಟೆಯ ಗಂಟಿರುತ್ತದೆ, ಆಸ್ಪತ್ರೆಯ ಕಾಗದ ಖೋಲಿಯ ಟ್ರಂಕಿನಲ್ಲೇ. ಅದಿಲ್ಲದೆ ಊರಿನ ಡಾಕ್ಟರಿಗೆ ಹಿಂದಿನದೇನೂ ತಿಳಿಯುವುದಿಲ್ಲ.

ಹಾಗಾಗಿ ಈಗ ಕೆಮ್ಮಿನ ಬಗ್ಗೆ ಕೇಳುವ ಮೊದಲು ‘ಊರಿಗೆ ಯಾವಾಗ ಹೋಗ್ತೀರಿ?’ ಎಂದು ಕೇಳುತ್ತೇನೆ. ಸರ್ಕಾರಿ ಚಿಕಿತ್ಸೆಯಲ್ಲಿರುವ ಟಿಬಿ ರೋಗಿಗಳಿಗೆ ನಿಕ್ಷಯ್ ಎಂಬ ನೋಂದಣಿ ಸಂಖ್ಯೆ ಇರುತ್ತದೆ. ಹೊರಡುವ ಮುಂಚೆ ಹೇಳಿದರೆ ಚಿಕಿತ್ಸೆಯನ್ನು ಆಳಂದಕ್ಕೋ ಅಕ್ಕಲಕೋಟೆಗೋ ವರ್ಗಾಯಿಸಿ ಕೊಡುತ್ತಾರೆ. ಆ ಸಂಖ್ಯೆಯನ್ನು ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಬರೆದಿಡಲು ಹೇಳುತ್ತೇನೆ. ಆಸ್ಪತ್ರೆಯ ಫೈಲು ಮರೆತವರೂ ಆಧಾರ್ ಮರೆಯುವುದಿಲ್ಲ.