ಬೇಲಿಯ ಬಳ್ಳಿ ಮತ್ತು ಚಿಟ್ಟೆಯ ಬದುಕು

ಚನ್ನಗಿರಿಯಿಂದ ಪಶ್ಚಿಮಕ್ಕೆ ಸಾಗಿ ಶಿವಮೊಗ್ಗ ದಾಟಿದರೆ ಮಲೆನಾಡಿನ ಕಾಡುಗಳು ಆರಂಭವಾಗುತ್ತವೆ. ಅಲ್ಲಿ ಮರಗಳ ತುದಿಯಲ್ಲಿ ಹಕ್ಕಿಯಂತೆ ತೇಲುವ ದೊಡ್ಡ ಚಿಟ್ಟೆಯೊಂದಿದೆ. ಮುಂದಿನ ರೆಕ್ಕೆಗಳು ಕಪ್ಪು, ಹಿಂದಿನವು ಹೊಂಬಣ್ಣ. ಇದೇ ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್. ರೆಕ್ಕೆಗಳ ಅಗಲ 14ರಿಂದ 19 ಸೆಂಟಿಮೀಟರ್. ಭಾರತದ ಚಿಟ್ಟೆಗಳಲ್ಲೆಲ್ಲ ಇದೇ ದೊಡ್ಡದೆಂದು ಬಹುಕಾಲ ತಿಳಿಯಲಾಗಿತ್ತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಅಳತೆಯಿಂದ ಆ ಸ್ಥಾನ ಪಡೆಯಿತು.

ಇಷ್ಟು ದೊಡ್ಡ ಜೀವಿ ನಿಧಾನವಾಗಿ ಹಾರುತ್ತಿದ್ದರೂ ಹಕ್ಕಿಗಳು ಇದರ ತಂಟೆಗೆ ಹೋಗುವುದು ವಿರಳ. ಕಾರಣ ಇದರ ಬಾಲ್ಯದಲ್ಲಿದೆ. ತಾಯಿ ಚಿಟ್ಟೆ ಕಂಡ ಗಿಡಕ್ಕೆಲ್ಲ ಮೊಟ್ಟೆಯಿಡುವುದಿಲ್ಲ. ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಕೆಲವು ಸಸ್ಯಗಳನ್ನೇ ಹುಡುಕಿ ಒಂದೊಂದಾಗಿ ಇಡುತ್ತದೆ. ಮರಿಹುಳು ಆ ಕಹಿ ಎಲೆಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೋಶ ಕಳಚಿ ರೆಕ್ಕೆ ಬಂದ ಮೇಲೂ ಆ ವಿಷವೇ ಅದಕ್ಕೆ ಕಾವಲು. ಒಮ್ಮೆ ರುಚಿ ನೋಡಿದ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ.

ಚನ್ನಗಿರಿಯಂತಹ ಬಯಲು ಸೀಮೆಯ ಅಂಚಿನವರಿಗೆ ಇದರ ಬಂಧುವಾದ ಕ್ರಿಮ್ಸನ್ ರೋಸ್ ಹೆಚ್ಚು ಪರಿಚಿತ. ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಕೆಂಪು ಚುಕ್ಕೆ, ಕೆಂಪು ಮೈ. ಅದರ ಮರಿಗಳಿಗೂ ಈಶ್ವರಿ ಬಳ್ಳಿಯೇ ಆಹಾರ. ನಿಂಬೆ, ಕರಿಬೇವಿನ ಗಿಡಗಳಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯಲ್ಲಿ ವಿಷವಿಲ್ಲ. ಆದರೂ ಅದರ ಕೆಲವು ಹೆಣ್ಣುಗಳು ಕ್ರಿಮ್ಸನ್ ರೋಸ್‌ನ ವೇಷ ತೊಟ್ಟು ಪ್ರಾಣ ಉಳಿಸಿಕೊಳ್ಳುತ್ತವೆ. ಹೀಗೆ ಒಂದು ಬಳ್ಳಿಯ ಆಸರೆ ಅದನ್ನು ಮುಟ್ಟದ ಜೀವಿಗೂ ತಲುಪುತ್ತದೆ.

ಈ ಬಳ್ಳಿಯನ್ನು ನಾವು ಎರಡು ಕಾರಣಕ್ಕೆ ಕೀಳುತ್ತೇವೆ: ಬೇಲಿ ಸ್ವಚ್ಛವಾಗಲೆಂದು ಮತ್ತು ಹಾವಿನ ಕಡಿತಕ್ಕೆ ಬೇರು ಮದ್ದೆಂದು. ಎರಡನೆಯದು ಅಪಾಯಕಾರಿ. ಚಿಟ್ಟೆಯನ್ನು ಕಾಯುವ ವಿಷವೇ ಮನುಷ್ಯನ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಕರಗಿಸಲೆಂದು ಇದೇ ಕುಲದ ಸಸ್ಯ ಬೆರೆತ ಗುಳಿಗೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೇರು ಅರೆಯುತ್ತಾ ಕಳೆಯುವ ಸಮಯ ಜೀವಕ್ಕೆ ಎರವಾಗಬಹುದು.

ವಾಚಕರೇ, ಭೂಮಿ ನಮ್ಮ ವಶದಲ್ಲಿರುವ ಅಮಾನತ್ತು. ತೋಟದ ಬೇಲಿ ಸವರುವಾಗ ಈಶ್ವರಿ ಬಳ್ಳಿ ಕಂಡರೆ ಕೈ ತಡೆಯಿರಿ. ಎಲೆಯ ಮೇಲೆ ಮುಳ್ಳಿನಂತಹ ಉಬ್ಬುಗಳಿರುವ ಕಪ್ಪುಗೆಂಪು ಹುಳು ಕಂಡರೆ ಔಷಧಿ ಸಿಂಪಡಿಸಬೇಡಿ. ಅದು ನಿಮ್ಮ ಅಡಿಕೆಯನ್ನಾಗಲಿ ಮೆಕ್ಕೆಜೋಳವನ್ನಾಗಲಿ ತಿನ್ನುವುದಿಲ್ಲ. ಅದರ ಪಾಲಿಗಿರುವುದು ಆ ಬಳ್ಳಿ ಮಾತ್ರ.