ಪಾಠ 9: ನಕ್ಷೆ, ದಿಕ್ಕು, ದಾರಿ

ಅಕ್ಕಂದಿರೇ,

ಮಳೆ ಕೈಕೊಟ್ಟ ವರ್ಷ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮೇವು ಮುಗಿಯುತ್ತದೆ. ಕಟ್ಟೆ ಒಣಗುತ್ತದೆ. ಕುರಿ ಮಂದೆ ಊರು ಬಿಡುತ್ತದೆ. ಕಂಬಳಿ, ಪಾತ್ರೆ, ರಾಗಿ ಹಿಟ್ಟು, ಕೂಸು, ಎಲ್ಲ ಜೊತೆಗೆ ಹೊರಡುತ್ತವೆ. ಒಂದು ಕಡೆ ಎರಡು ರಾತ್ರಿ. ಇನ್ನೊಂದು ಕಡೆ ನಾಲ್ಕು ರಾತ್ರಿ. ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹೊಲದವರಿಗೆ ಗೊಬ್ಬರ, ಮಂದೆಯವರಿಗೆ ಕಾಳೋ ದುಡ್ಡೋ.

ಪೇಟೆಯ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡಕ್ಕೆ ಹೋಗಿ ಗುಡಾರ ಹಾಕುತ್ತಾರೆ. ಅದಕ್ಕೆ ಕ್ಯಾಂಪಿಂಗ್ ಎಂದು ಹೆಸರು. ಅದಕ್ಕೆ ಅವರು ಕೈಯಿಂದ ದುಡ್ಡು ಕೊಡುತ್ತಾರೆ! ನಮ್ಮವರು ಅಜ್ಜ ಮುತ್ತಜ್ಜನ ಕಾಲದಿಂದ ಬಯಲಲ್ಲಿ ಮಲಗುತ್ತಾ ಬಂದಿದ್ದಾರೆ. ಆದರೆ ಆ ಹುಡುಗರ ಹತ್ತಿರ ಎರಡು ಒಳ್ಳೆಯ ಸಾಮಾನು ಇರುತ್ತವೆ. ಒಂದು ನಕ್ಷೆ. ಇನ್ನೊಂದು ದಿಕ್ಸೂಚಿ. ಅವು ನಮಗೂ ಬೇಕು.

ಯಾಕೆ ಬೇಕು? ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಹೇಳಿದರು: "ಊರಾಗಾದ್ರೆ ಕಣ್ಣು ಮುಚ್ಕೊಂಡು ತಿರುಗ್ತೀನಿ ಟೀಚರಮ್ಮ. ಹೊಸ ಜಾಗದಾಗೆ ನೀರಿಗೆ ಹೋದ್ರೆ ವಾಪಸ್ ಬರೋ ದಾರಿನೇ ತಪ್ತೈತೆ. ಎಲ್ಲಾ ಜಾಲಿ ಗಿಡ ಒಂದೇ ತರ ಕಾಣ್ತಾವೆ." ಮಂದೆಯ ಮುಂದೆ ಹೋಗುವ ಗಂಡಸಿಗೆ ದಾರಿ ಗೊತ್ತಿರುತ್ತದೆ. ಹಿಂದೆ ಸಾಮಾನು ಹೊತ್ತು ಬರುವವಳಿಗೆ, ಕೊಡ ಹಿಡಿದು ನೀರು ಹುಡುಕುವವಳಿಗೆ ಯಾರೂ ದಾರಿ ಹೇಳಿರುವುದಿಲ್ಲ.

ನಾಲ್ಕು ದಿಕ್ಕು

ನಮ್ಮ ಮನೆಮಾತಿನಲ್ಲಿ ದಿಕ್ಕಿಗೆ ಚೆಂದದ ಹೆಸರುಗಳಿವೆ. ಹೊತ್ತು ಮೂಡುವ ಕಡೆ ಮೂಡಲು. ಹೊತ್ತು ಮುಳುಗುವ ಕಡೆ ಪಡುವಲು. ಮೂಡಲಿಗೆ ಮುಖ ಮಾಡಿ ನಿಲ್ಲಿ. ಎಡಗೈ ಕಡೆ ಬಡಗಲು. ಬಲಗೈ ಕಡೆ ತೆಂಕಲು. ಪುಸ್ತಕದಲ್ಲಿ ಇವಕ್ಕೇ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಬರೆಯುತ್ತಾರೆ.

ಈಗ ಚಳ್ಳಕೆರೆ ಪೇಟೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಹಿರಿಯೂರು ನಿಮ್ಮ ದಕ್ಷಿಣಕ್ಕಿದೆ. ಮೊಳಕಾಲ್ಮೂರು ಉತ್ತರಕ್ಕಿದೆ. ಚಿತ್ರದುರ್ಗ ಪಶ್ಚಿಮದ ಕಡೆಗೆ. ನಾಯಕನಹಟ್ಟಿ ಉತ್ತರಕ್ಕೂ ಪಶ್ಚಿಮಕ್ಕೂ ನಡುವೆ. ಆ ನಡುವಿನ ಮೂಲೆಗೆ ವಾಯವ್ಯ ಎನ್ನುತ್ತಾರೆ. ಮೊಳಕಾಲ್ಮೂರಿಗೆ ಹೋಗಿ ನಿಂತರೆ ಆಂಧ್ರದ ರಾಯದುರ್ಗ ಪೂರ್ವಕ್ಕೆ ಸಿಗುತ್ತದೆ.

ಬಿಸಿಲು ಹೇಳುವುದು

ಸೂರ್ಯ ಸರಿಯಾಗಿ ಪೂರ್ವದಲ್ಲೇ ಹುಟ್ಟುತ್ತಾನೆಯೇ? ವರ್ಷಕ್ಕೆ ಎರಡು ಸಲ ಮಾತ್ರ. ಮಾರ್ಚ್ 21ರ ಆಸುಪಾಸು, ಸೆಪ್ಟೆಂಬರ್ 23ರ ಆಸುಪಾಸು. ಜೂನ್ ತಿಂಗಳಲ್ಲಿ ಬಡಗಲಿಗೆ ಸರಿದು ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ತೆಂಕಲಿಗೆ ಸರಿದು ಹುಟ್ಟುತ್ತಾನೆ. ನಿಮ್ಮ ಮನೆ ಬಾಗಿಲ ಬಿಸಿಲು ವರ್ಷವಿಡೀ ಒಂದೇ ಕಡೆ ಬೀಳುವುದಿಲ್ಲ, ನೋಡಿದ್ದೀರಿ.

ನೆರಳಿನಿಂದ ದಿಕ್ಕು ಹಿಡಿಯಬಹುದು. ಸಮ ನೆಲದಲ್ಲಿ ಒಂದು ನೆಟ್ಟಗಿನ ಕೋಲು ನೆಡಿ. ನೆರಳಿನ ತುದಿಗೆ ಒಂದು ಕಲ್ಲು ಇಡಿ. ಇಪ್ಪತ್ತು ನಿಮಿಷ ಬಿಟ್ಟು ನೋಡಿ. ನೆರಳು ಸರಿದಿರುತ್ತದೆ. ಈಗಿನ ತುದಿಗೆ ಇನ್ನೊಂದು ಕಲ್ಲು ಇಡಿ. ಮೊದಲ ಕಲ್ಲು ಪಶ್ಚಿಮದ ಕಡೆ, ಎರಡನೆಯ ಕಲ್ಲು ಪೂರ್ವದ ಕಡೆ. ಬೆಳಿಗ್ಗೆ 10 ಗಂಟೆಯಿಂದ ಮಧ್ಯಾಹ್ನ 2 ಗಂಟೆಯ ಒಳಗೆ ಮಾಡಿದರೆ ಲೆಕ್ಕ ಚೆನ್ನಾಗಿ ಬರುತ್ತದೆ. ಕೂದಲೆಳೆಯಷ್ಟು ಸರಿ ಇರುವುದಿಲ್ಲ. ಹಟ್ಟಿಗೆ ಹಿಂತಿರುಗಲು ಅಷ್ಟು ಸಾಕು.

ಇಲ್ಲಿ ಒಂದು ಎಚ್ಚರ. "ನಡು ಮಧ್ಯಾಹ್ನದ ನೆರಳು ಬಡಗಲಿಗೆ ಬೀಳುತ್ತದೆ" ಎಂದು ಕೆಲವರು ಹೇಳುತ್ತಾರೆ. ದಿಲ್ಲಿಯಲ್ಲಿ ಅದು ವರ್ಷವೆಲ್ಲ ನಿಜ. ನಮ್ಮಲ್ಲಿ ಅಲ್ಲ. ಏಪ್ರಿಲ್ ಕೊನೆಗೆ ಒಂದು ದಿನ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ. ಕೋಲಿನ ನೆರಳು ಕಾಣುವುದೇ ಇಲ್ಲ. ಆಮೇಲೆ ಅವನು ಬಡಗಲಿಗೆ ದಾಟುತ್ತಾನೆ. ಆಗಸ್ಟ್ ನಡುವಿನಲ್ಲಿ ಮತ್ತೆ ನೆತ್ತಿಗೆ ಬಂದು ತೆಂಕಲಿಗೆ ಹೋಗುತ್ತಾನೆ. ಮಳೆ ಲೆಕ್ಕದಲ್ಲಿ ಹೇಳುವುದಾದರೆ, ಭರಣಿ ಮಳೆಯಿಂದ ಆಶ್ಲೇಷ ಮಳೆಯವರೆಗೆ ನಮ್ಮ ಮಧ್ಯಾಹ್ನದ ನೆರಳು ತೆಂಕಲಿಗೆ ಬೀಳುತ್ತದೆ. ಉಳಿದ ತಿಂಗಳು ಬಡಗಲಿಗೆ. ಇದನ್ನು ತಿಳಿಯದೆ ನಡೆದರೆ ತಲೆಕೆಳಗು ದಾರಿ ಹಿಡಿದಂತೆ. ನಮ್ಮಲ್ಲಿ ಸೂರ್ಯ ಅತಿ ಮೇಲೆ ಇರುವುದು ಗಡಿಯಾರದ 12ಕ್ಕೆ ಅಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷ ತಡವಾಗಿ.

ಗುಡಿಯ ಬಾಗಿಲು ನೋಡಿ ದಿಕ್ಕು ಹೇಳುವವರೂ ಇದ್ದಾರೆ. ಬಹಳ ಗುಡಿಗಳು ಮೂಡಲಿಗೆ ಮುಖ ಮಾಡಿರುತ್ತವೆ, ನಿಜ. ಎಲ್ಲವೂ ಅಲ್ಲ. ನನಗೆ ಅದು ನೆಚ್ಚಿಕೆ ಇಲ್ಲ. ಆಷಾಢದ ಗಾಳಿ ಪಡುವಲಿಂದ ಬೀಸುತ್ತದೆ, ಅದು ಸ್ವಲ್ಪ ನೆಚ್ಚಬಹುದು.

ರಾತ್ರಿ ಹೊತ್ತು

ಧ್ರುವ ನಕ್ಷತ್ರ ಉತ್ತರದಲ್ಲಿದೆ. ಜಾಗ ಬಿಟ್ಟು ಕದಲುವುದಿಲ್ಲ. ಆದರೆ ನಮ್ಮ ಕಡೆ ಅದು ತುಂಬ ಕೆಳಗಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿಯಿರಿ. ನೆಲದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ, ಅಷ್ಟೇ. ಎದುರಿಗೆ ಗುಡ್ಡ ಇದ್ದರೆ ಕಾಣುವುದಿಲ್ಲ. ಬೇಸಿಗೆ ಸಂಜೆ ಸಪ್ತರ್ಷಿಗಳು ಕಾಣುತ್ತಾರೆ. ಸೌಟಿನ ಆಕಾರ. ಸೌಟಿನ ಬಟ್ಟಲಿನ ಕೊನೆಯ ಎರಡು ಚುಕ್ಕೆ ಜೋಡಿಸಿ ಗೆರೆ ಎಳೆದರೆ ಅದು ಧ್ರುವನ ಕಡೆಗೆ ಹೋಗುತ್ತದೆ.

ಚಳಿಗಾಲದಲ್ಲಿ ಇನ್ನೊಂದು ಗುರುತಿದೆ. ಒಂದೇ ಸಾಲಿನಲ್ಲಿ ಮೂರು ಚುಕ್ಕೆ, ಒತ್ತೊತ್ತಾಗಿ. ಆ ಮೂರು ಚುಕ್ಕೆ ಹುಟ್ಟುವುದು ಸರಿಸುಮಾರು ನೇರ ಪೂರ್ವದಲ್ಲಿ. ಮುಳುಗುವುದು ನೇರ ಪಶ್ಚಿಮದಲ್ಲಿ. ಸೂರ್ಯನ ಹಾಗೆ ಅತ್ತಿತ್ತ ಸರಿಯುವುದಿಲ್ಲ.

ದಿಕ್ಸೂಚಿ

ಮೋಡ ಕವಿದರೆ ಸೂರ್ಯನೂ ಇಲ್ಲ, ಚುಕ್ಕೆಯೂ ಇಲ್ಲ. ಆಗ ದಿಕ್ಸೂಚಿ ಬೇಕು. ಇದು ಒಂದು ಚಿಕ್ಕ ಡಬ್ಬಿ. ಒಳಗೆ ತಿರುಗುವ ಮುಳ್ಳು. ಮುಳ್ಳು ಅಯಸ್ಕಾಂತ. ಭೂಮಿಯೂ ದೊಡ್ಡ ಅಯಸ್ಕಾಂತದ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕೇ ಮುಳ್ಳಿನ ಕೆಂಪು ತುದಿ ಉತ್ತರಕ್ಕೆ ತಿರುಗಿ ನಿಲ್ಲುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಕೆಟ್ಟ ರೇಡಿಯೊದ ಸ್ಪೀಕರಿನ ಹಿಂದೆ ಅಯಸ್ಕಾಂತ ಇರುತ್ತದೆ. ಹೊಲಿಯುವ ಸೂಜಿಯನ್ನು ಅದರ ಮೇಲೆ ಒಂದೇ ದಿಕ್ಕಿಗೆ ನಲವತ್ತು ಸಲ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಉಜ್ಜಬೇಡಿ. ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ. ಒಂದು ಒಣ ಎಲೆ ತೇಲಿಬಿಡಿ. ಎಲೆಯ ಮೇಲೆ ಸೂಜಿ ಇಡಿ. ಎಲೆ ಮೆಲ್ಲಗೆ ತಿರುಗಿ ಬಡಗಲು ತೆಂಕಲಿಗೆ ನಿಲ್ಲುತ್ತದೆ. ಯಾವ ತುದಿ ಬಡಗಲು ಎಂದು ಹೊತ್ತು ಮೂಡುವ ಕಡೆ ನೋಡಿ ಗುರುತು ಮಾಡಿಕೊಳ್ಳಿ.

ದಿಕ್ಸೂಚಿ ನೋಡುವಾಗ ಕುಡುಗೋಲು, ಕೊಡಲಿ, ಮೊಬೈಲು ದೂರ ಇಡಿ. ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಈಗ ಬಹಳ ಮೊಬೈಲುಗಳಲ್ಲೇ ದಿಕ್ಸೂಚಿ ಇದೆ. ನಕ್ಷೆಯೂ ಇದೆ. ಒಳ್ಳೆಯದೇ. ಆದರೆ ಚಾರ್ಜು ಮುಗಿದ ಮೊಬೈಲಿಗಿಂತ ಎಲೆ ಮೇಲಿನ ಸೂಜಿ ವಾಸಿ.

ದಿಕ್ಕು ಹಿಡಿದು ನಡೆಯುವುದು ಹೀಗೆ. ಉತ್ತರಕ್ಕೆ ಹೋಗಬೇಕು ಅನ್ನಿ. ದಿಕ್ಸೂಚಿ ನೋಡಿ. ಆ ಕಡೆ ದೂರದಲ್ಲಿ ಒಂದು ಮರವನ್ನೋ ಬಂಡೆಯನ್ನೋ ಗುರುತಿಸಿ. ಅಲ್ಲಿಯವರೆಗೆ ನಡೆಯಿರಿ. ಮತ್ತೆ ನೋಡಿ. ಮತ್ತೊಂದು ಗುರುತು ಹಿಡಿಯಿರಿ. ಹೀಗೆ ಉತ್ತರಕ್ಕೆ ಹೋದವರು ಬರುವಾಗ ದಕ್ಷಿಣಕ್ಕೆ ಬರಬೇಕು. ನೀರಿಗೆ ಹೊರಡುವ ಮೊದಲೇ ದಿಕ್ಕು ನೋಡಿಕೊಳ್ಳಿ. ದಾರಿ ತಪ್ಪಿದ ಮೇಲೆ ನೋಡಿದರೆ ಹಟ್ಟಿ ಯಾವ ಕಡೆ ಎಂದು ದಿಕ್ಸೂಚಿ ಹೇಳುವುದಿಲ್ಲ. ಅದು ಉತ್ತರ ಮಾತ್ರ ಹೇಳುತ್ತದೆ.

ನಕ್ಷೆ ಓದೋಣ

ಮೊಳಕಾಲ್ಮೂರಿನ ಸೀರೆ ನೇಯುವವರು ಮೊದಲು ಚೌಕದ ಕಾಗದದ ಮೇಲೆ ಅಂಚಿನ ಹೂವು ಬರೆಯುತ್ತಾರೆ. ಒಂದು ಚೌಕಕ್ಕೆ ಇಷ್ಟು ಎಳೆ ಎಂದು ಲೆಕ್ಕ. ನಕ್ಷೆಯೂ ಹಾಗೆಯೇ. ನೆಲವನ್ನು ಲೆಕ್ಕ ಹಾಕಿ ಕಾಗದದ ಮೇಲೆ ಚಿಕ್ಕದು ಮಾಡಿದ್ದು. ಮೇಲಿನ ಅಂಚು ಉತ್ತರ. ಬಲಗಡೆ ಪೂರ್ವ.

ಭಾರತ ಸರ್ವೇಕ್ಷಣ ಇಲಾಖೆ ದೇಶದ ನಕ್ಷೆಗಳನ್ನು ಮಾಡುತ್ತದೆ. ಈ ಇಲಾಖೆ 1767ರಲ್ಲಿ ಶುರುವಾಯಿತು. ಅದರ ಒಂದು ಬಗೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ದಾರಿ ಸೊಟ್ಟ ಇದ್ದರೆ ಅಳೆಯುವುದು ಹೇಗೆ? ಒಂದು ದಾರ ತೆಗೆದುಕೊಳ್ಳಿ. ನಕ್ಷೆಯ ದಾರಿಯ ಮೇಲೆ ಡೊಂಕಿಗೆ ಡೊಂಕಾಗಿ ಇಡಿ. ಆಮೇಲೆ ದಾರ ನೆಟ್ಟಗೆ ಹಿಡಿದು ಅಳೆಯಿರಿ. ದಾರ 9 ಸೆಂಟಿಮೀಟರ್ ಬಂದರೆ ದಾರಿ ನಾಲ್ಕೂವರೆ ಕಿಲೋಮೀಟರ್.

ನಕ್ಷೆಯನ್ನು ನೆಲದ ಮೇಲೆ ಹಾಸಿ. ಪಕ್ಕದಲ್ಲಿ ದಿಕ್ಸೂಚಿ ಇಡಿ. ನಕ್ಷೆಯ ಮೇಲಂಚು ಉತ್ತರಕ್ಕೆ ಬರುವ ತನಕ ನಕ್ಷೆ ತಿರುಗಿಸಿ. ಈಗ ನಕ್ಷೆಯೂ ನೆಲವೂ ಒಂದೇ ಕಡೆ ಮುಖ ಮಾಡಿದವು. ನಕ್ಷೆಯಲ್ಲಿ ಎಡಕ್ಕಿರುವ ಕೆರೆ ನೆಲದಲ್ಲೂ ಎಡಕ್ಕೇ ಇರುತ್ತದೆ. ನಾನು ಕಂಡಂತೆ ಬಹಳ ಜನ ಇಲ್ಲೇ ಎಡವುತ್ತಾರೆ. ನಕ್ಷೆ ಓದಲು ಬರುತ್ತದೆ, ತಿರುಗಿಸಲು ಮರೆಯುತ್ತಾರೆ.

ನೀವು ಎಲ್ಲಿದ್ದೀರಿ ಎಂದೇ ಗೊತ್ತಿಲ್ಲವೇ? ಎರಡು ಗುರುತು ಹುಡುಕಿ. ಮೊಳಕಾಲ್ಮೂರಿನ ಉತ್ತರಕ್ಕೆ ಜಟಿಂಗ ರಾಮೇಶ್ವರ ಬೆಟ್ಟವಿದೆ. ಅಲ್ಲಿ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಆ ಬೆಟ್ಟ ದೂರದಿಂದ ಕಾಣುತ್ತದೆ. ಅದು ನಿಮಗೆ ನೇರ ಉತ್ತರಕ್ಕೆ ಕಂಡಿತು ಅನ್ನಿ. ಹಾಗಾದರೆ ನೀವು ಅದರ ದಕ್ಷಿಣದಲ್ಲಿದ್ದೀರಿ. ನಕ್ಷೆಯಲ್ಲಿ ಬೆಟ್ಟದಿಂದ ಕೆಳಕ್ಕೆ ಗೆರೆ ಎಳೆಯಿರಿ. ಮೊಳಕಾಲ್ಮೂರು ಪಟ್ಟಣದ ಗುಡ್ಡ ನೇರ ಪಶ್ಚಿಮಕ್ಕೆ ಕಂಡಿತು. ಆ ಗುಡ್ಡದಿಂದ ಬಲಕ್ಕೆ ಗೆರೆ ಎಳೆಯಿರಿ. ಎರಡು ಗೆರೆ ಸೇರಿದ ಕಡೆ ನೀವು. ಮೊಳಕಾಲ್ಮೂರು ಮತ್ತು ರಾಯದುರ್ಗದ ನಡುವೆ ಎಲ್ಲೋ ನಿಂತಿದ್ದೀರಿ.

ಊರಿನ ನಕ್ಷೆ

ಇನ್ನೊಂದು ನಕ್ಷೆ ಇದೆ. ಅದು ಗ್ರಾಮ ನಕ್ಷೆ. ತಾಲ್ಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಕೇಳಿ. ಅದರಲ್ಲಿ ಪ್ರತಿ ಹೊಲದ ಸರ್ವೆ ನಂಬರ್ ಇರುತ್ತದೆ. ಕೆರೆ, ಹಳ್ಳ ಇರುತ್ತವೆ. ಒಂಟಿ ಚುಕ್ಕೆಗೆರೆ ಕಾಲುದಾರಿ. ಜೋಡಿ ಚುಕ್ಕೆಗೆರೆ ಬಂಡಿದಾರಿ. ಮೊಬೈಲಿನಲ್ಲಿ ದಿಶಾಂಕ್ ಎಂಬ ಆ್ಯಪ್ ಇದೆ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ.

ಇದು ಯಾಕೆ ಮುಖ್ಯ? ಕುದಾಪುರ, ವರವು, ಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲು ನಿಮಗೆ ಗೊತ್ತು. ಅಲ್ಲಿ ನಮ್ಮ ದನ, ಕುರಿ, ದೇವರ ಎತ್ತು ಮೇಯುತ್ತಿದ್ದವು. 2007ರಿಂದ 2010ರ ಹೊತ್ತಿನಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಗೋಡೆ ಏಳುವ ತನಕ ಬಹಳ ಊರವರಿಗೆ ವಿಷಯವೇ ತಿಳಿದಿರಲಿಲ್ಲ. ಆಮೇಲೆ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಜ್ಜ ಹೇಳಿಕೊಟ್ಟ ಕೆಲವು ದಾರಿ ಈಗ ಗೋಡೆಗೆ ಮುಟ್ಟಿ ನಿಲ್ಲುತ್ತವೆ. ಸುತ್ತಿಕೊಂಡು ಹೋಗಬೇಕು. ಯಾವ ಕಡೆಯಿಂದ ಸುತ್ತಿದರೆ ನೀರು ಹತ್ತಿರ? ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಯಾವ ಸರ್ವೆ ನಂಬರ್ ಯಾರದು ಎಂದು ಮುಂಚೆಯೇ ಓದಿಕೊಳ್ಳಲೂ ಆಗುತ್ತದೆ.

ದಾರಿ ತಪ್ಪಿದರೆ

ನಿಲ್ಲಿ. ಕುಳಿತುಕೊಳ್ಳಿ. ನೀರು ಕುಡಿಯಿರಿ. ಗಾಬರಿಯಲ್ಲಿ ನಡೆದಷ್ಟೂ ದೂರ ಹೋಗುತ್ತೀರಿ. ಕೊನೆಗೆ ಚೆನ್ನಾಗಿ ಗುರುತಿದ್ದ ಜಾಗ ಯಾವುದು? ಅಲ್ಲಿಗೆ ಹಿಂತಿರುಗಿ. ಎತ್ತರದ ಬಂಡೆ ಇದ್ದರೆ ಹತ್ತಿ ನೋಡಿ. ಟಾರು ರಸ್ತೆ, ವಿದ್ಯುತ್ ಕಂಬದ ಸಾಲು, ಗುಡಿಯ ದೀಪ, ಏನಾದರೂ ಕಾಣುತ್ತದೆ. ಹಳ್ಳ ಇಳಿಯುವ ಕಡೆ ಹೋದರೆ ದೊಡ್ಡ ಹಳ್ಳವೋ ಕೆರೆಯೋ ಸಿಗುತ್ತದೆ. ಮಳೆ ಬರುವಂತಿದ್ದರೆ ಹಳ್ಳದೊಳಗೆ ಇಳಿಯಬೇಡಿ. ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಕರಡಿ ಇವೆ. ಕತ್ತಲಾದ ಮೇಲೆ ಗುಡ್ಡದ ಪೊದೆಗಳಲ್ಲಿ ದಾರಿ ಹುಡುಕುವುದು ಬೇಡ. ಬಯಲಿನಲ್ಲೇ ಬೆಳಗಾಗುವ ತನಕ ಕಾಯಿರಿ. ಫೋನು ಸಿಕ್ಕಿದರೆ 112ಕ್ಕೆ ಮಾಡಿ.

ಹೊರಡುವಾಗ ಯಾವ ಕಡೆ ಹೋಗುತ್ತೀರಿ ಎಂದು ಹಟ್ಟಿಯಲ್ಲಿ ಒಬ್ಬರಿಗೆ ಹೇಳಿ. ಚೀಟಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಈಗ ನಿಮಗೆ ಬರೆಯಲು ಬರುತ್ತದೆ.

ಮಾಡಿ ನೋಡಿ

1. ನಿಮ್ಮ ಮನೆಯನ್ನು ಹಾಳೆಯ ನಡುವೆ ಬರೆಯಿರಿ. ಹಾಳೆಯ ಮೇಲೆ "ಉತ್ತರ" ಎಂದು ಬರೆಯಿರಿ. ಬಾವಿ, ಕೆರೆ, ಗುಡಿ, ಶಾಲೆ, ಬಸ್ಸು ನಿಲ್ಲುವ ಜಾಗ ಗುರುತಿಸಿ.

2. ಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ? ಎಣಿಸಿ ಬರೆಯಿರಿ. 100 ಹೆಜ್ಜೆಗೆ ಒಂದು ಬೆರಳಗಲ ಎಂದು ಲೆಕ್ಕ ಹಿಡಿದು ನಕ್ಷೆ ಮತ್ತೆ ಬರೆಯಿರಿ.

3. ಇವತ್ತು ಮಧ್ಯಾಹ್ನ ಕೋಲಿನ ನೆರಳು ಯಾವ ಕಡೆ ಬಿತ್ತು? ಈಗ ನಡೆಯುತ್ತಿರುವುದು ಯಾವ ಮಳೆ?

4. ನಿಮ್ಮ ಮಂದೆ ಹೋಗುವ ದಾರಿಯಲ್ಲಿ ನೀರು ಸಿಗುವ ಜಾಗಗಳ ಹೆಸರು ಬರೆಯಿರಿ. ಒಂದರಿಂದ ಇನ್ನೊಂದು ಯಾವ ದಿಕ್ಕಿಗಿದೆ? ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ ಬನ್ನಿ. ನಾಳೆ ಎಲ್ಲರ ಹಾಳೆಗಳನ್ನೂ ಜೋಡಿಸಿ ಗೋಡೆಗೆ ಅಂಟಿಸೋಣ.